ಅಧ್ಯಾಪಕರ ಕ್ಲಬ್ಬಿನ ಕೂಟ ಮತ್ತು ಊಟ: ಮುಂದಿನ ಆರು ತಿಂಗಳ ಪಟ್ಟಿ ಸಿದ್ಧಪಡಿಸುವ ಬಗೆ

ಅಧ್ಯಾಪಕರ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಹೊಸ ಕಾರ್ಯದರ್ಶಿಯ ಹೆಸರು ಘೋಷಣೆಯಾದ ಕೂಡಲೇ ಸದಸ್ಯರು ಕೇಳುವ ಮೊದಲ ಪ್ರಶ್ನೆ, ಈ ಸಲದ ಊಟ ಯಾವಾಗ ಎಂಬುದು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಒಂದೇ ಆವರಣದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿಯೂ ಎದುರಾದಾಗ ನಮಸ್ಕಾರ ಹೇಳಿ ಮುಂದೆ ಹೋಗುವ ಭೌತಶಾಸ್ತ್ರದವರು ಮತ್ತು ಇತಿಹಾಸದವರು ಅರ್ಧ ಗಂಟೆ ಅಕ್ಕಪಕ್ಕ ಕುಳಿತು ಮಾತನಾಡುವುದು ಎಲೆಯ ಮುಂದೆ ಮಾತ್ರ. ಆದರೆ ಹೆಚ್ಚಿನ ಕ್ಲಬ್ಬುಗಳಲ್ಲಿ ಕಾರ್ಯಕ್ರಮವನ್ನು ಮೊದಲು ನಿಗದಿ ಮಾಡಿ, ಅತಿಥಿಗಳನ್ನು ಕರೆದು, ಬ್ಯಾನರ್ ಬರೆಸಿ, ಕೊನೆಯಲ್ಲಿ ಊಟದ ವಿಚಾರಕ್ಕೆ ಬರುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದು ಇಲ್ಲಿನ ಸಲಹೆ. ಯಾರು ಯಾವ ದಿನ, ಯಾವ ಹೊತ್ತಿನಲ್ಲಿ, ಏನು ಉಣ್ಣಬಲ್ಲರು ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದ ಕಾರ್ಯಕ್ರಮ ಅದರ ಸುತ್ತ ತಾನಾಗಿ ಕೂಡಿಕೊಳ್ಳುತ್ತದೆ.

ಹಾಸನದಂಥ ಊರಿನಲ್ಲಿ ಇದು ಇನ್ನಷ್ಟು ಅಗತ್ಯ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯು 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾಯಿತು. 1960ರಿಂದ ನಡೆಯುತ್ತಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಕಾರೆಕೆರೆಯ ಕೃಷಿ ಕಾಲೇಜು, ವೈದ್ಯಕೀಯ ಕಾಲೇಜು ಹೀಗೆ ಇಲ್ಲಿನ ಒಂದೊಂದು ಸಂಸ್ಥೆಯೂ ಒಂದೊಂದು ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಕಟ್ಟುಬಿದ್ದಿದೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಪಾಠ ಮಾಡುವ ಮನೆಗಳು ಇಲ್ಲಿ ಅಪರೂಪವಲ್ಲ. ಕುಟುಂಬ ಸಮೇತ ಬನ್ನಿ ಎಂದು ಕರೆಯುವ ಮೊದಲು ಆ ಇನ್ನೊಂದು ಕಡೆಯ ಪರೀಕ್ಷೆಯ ದಿನಾಂಕಗಳನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 1: ಆಗದ ದಿನಗಳನ್ನು ಹೊಡೆದುಹಾಕಿ

ದಿನಾಂಕ ಹುಡುಕುವುದಕ್ಕೆ ಪಂಚಾಂಗವಿರುವ ಗೋಡೆ ಕ್ಯಾಲೆಂಡರನ್ನೇ ಬಳಸಿ, ಮೊಬೈಲಿನದು ಸಾಲದು. ಅದರಲ್ಲಿ ಮೊದಲು ಪರೀಕ್ಷೆ ಮತ್ತು ಮೌಲ್ಯಮಾಪನದ ವಾರಗಳನ್ನು ಗುರುತಿಸಿ. ಮೌಲ್ಯಮಾಪನದ ಕಾಲದಲ್ಲಿ ಹಿರಿಯ ಅಧ್ಯಾಪಕರು ಪರ ಊರಿನಲ್ಲಿರುತ್ತಾರೆ, ಊರಿನಲ್ಲಿರುವವರು ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಇರುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ನಡೆಯುವ ವರ್ಷವಾದರೆ ಅದಕ್ಕೆ ಮೊದಲಿನ ಒಂದು ತಿಂಗಳನ್ನು ಪೂರ್ತಿ ಬಿಟ್ಟುಬಿಡಿ.

ಅನಂತರ ಹಾಸನಾಂಬೆಯ ದರ್ಶನದ ದಿನಗಳು. ಆಶ್ವಯುಜ ಮಾಸದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಗರ್ಭಗುಡಿಯ ಬಾಗಿಲು ತೆರೆದರೆ, ದೀಪಾವಳಿಯ ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ದೇವಾಲಯವಾದ್ದರಿಂದ ಆ ದಿನಗಳಲ್ಲಿ ಊರಿನ ಚಿತ್ರವೇ ಬದಲಾಗುತ್ತದೆ. ಲಾಡ್ಜುಗಳಲ್ಲಿ ಕೋಣೆ ಸಿಗುವುದಿಲ್ಲ, ಬಸ್ಸುಗಳಲ್ಲಿ ನಿಲ್ಲುವುದಕ್ಕೂ ಜಾಗವಿರುವುದಿಲ್ಲ, ಅಡುಗೆಯವರು ಸಿಕ್ಕರೂ ಬಡಿಸುವವರು ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಾಸನದಲ್ಲಿ ಮನೆಯಿರುವ ಪ್ರತಿಯೊಬ್ಬ ಅಧ್ಯಾಪಕರ ಮನೆಯಲ್ಲೂ ದರ್ಶನಕ್ಕೆಂದು ಬಂದ ನೆಂಟರಿರುತ್ತಾರೆ. ಹೊರಗಿನ ಊರಿನಿಂದ ಅತಿಥಿಯನ್ನು ಕರೆಯುವ ಕಾರ್ಯಕ್ರಮವನ್ನಂತೂ ಆ ಅವಧಿಯಲ್ಲಿ ಇಟ್ಟುಕೊಳ್ಳಲೇಬಾರದು.

ಪಿತೃಪಕ್ಷದಲ್ಲಿ ಹಲವರು ಹೊರಗೆ ಊಟ ಮಾಡುವುದಿಲ್ಲ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯ ಊಟವನ್ನು ಅದೇ ವಾರ ಇಟ್ಟುಕೊಳ್ಳುವ ಕ್ಲಬ್ಬುಗಳು ಇದನ್ನು ಪ್ರತಿ ವರ್ಷವೂ ಪರಿಶೀಲಿಸಬೇಕು, ಏಕೆಂದರೆ ಒಂದು ವರ್ಷ ಆ ವಾರದಲ್ಲಿ ಗಣೇಶನ ಹಬ್ಬದ ಗಡಿಬಿಡಿಯಿದ್ದರೆ ಇನ್ನೊಂದು ವರ್ಷ ಪಿತೃಪಕ್ಷವೇ ಶುರುವಾಗಿರಬಹುದು. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಹಳೆಯ ವರ್ಷದ ಪಟ್ಟಿಯನ್ನು ನಕಲು ಮಾಡುವಂತಿಲ್ಲ. ಆ ತಿಂಗಳಲ್ಲಿ ಮಧ್ಯಾಹ್ನದ ಊಟವಿಟ್ಟು ಉಪವಾಸದಲ್ಲಿರುವ ಸಹೋದ್ಯೋಗಿಗಳನ್ನು ಸುಮ್ಮನೆ ಕೂರಿಸುವುದಕ್ಕಿಂತ ಸಂಜೆಯ ಇಫ್ತಾರಿನ ಹೊತ್ತಿಗೆ ಕೂಟವನ್ನು ಇಟ್ಟುಕೊಳ್ಳುವುದು ಸೊಗಸು.

ಆಷಾಢದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ರೂಢಿಗೆ ವಿರುದ್ಧವಾಗಿದೆ. ಆಷಾಢದಲ್ಲಿ ಶುಭಕಾರ್ಯ ಮಾಡುವುದಿಲ್ಲವೆಂದು ಕ್ಲಬ್ಬಿನ ಊಟವನ್ನೂ ಮುಂದೂಡುವವರಿದ್ದಾರೆ. ಆದರೆ ಮದುವೆ, ಗೃಹಪ್ರವೇಶಗಳಿಲ್ಲದ ಆ ತಿಂಗಳಲ್ಲೇ ಒಳ್ಳೆಯ ಅಡುಗೆ ಭಟ್ಟರು ಬಿಡುವಾಗಿರುತ್ತಾರೆ, ಪಾತ್ರೆ ಅಂಗಡಿಯವರು ಬಾಡಿಗೆಯಲ್ಲಿ ಇಳಿಯುತ್ತಾರೆ, ಕೇಳಿದ ದಿನ ಜನ ಸಿಗುತ್ತಾರೆ. ಧನುರ್ಮಾಸವೂ ಹಾಗೆಯೇ. ವೈಶಾಖದ ಲಗ್ನದ ದಿನಗಳಲ್ಲಿ ಅದೇ ಭಟ್ಟರು ನಿಮ್ಮ ಫೋನನ್ನು ಎತ್ತುವುದೂ ಅನುಮಾನ. ಸಹೋದ್ಯೋಗಿಗಳು ಸೇರಿ ಉಣ್ಣುವುದಕ್ಕೆ ಮುಹೂರ್ತದ ಅಗತ್ಯವಿಲ್ಲ ಎಂಬುದನ್ನು ಸಮಿತಿಯ ಹಿರಿಯರಿಗೆ ನಯವಾಗಿ ಒಪ್ಪಿಸಬಹುದು.

ಇನ್ನು ನಿವೃತ್ತಿಯ ಬೀಳ್ಕೊಡುಗೆ. ಸರ್ಕಾರಿ ನಿಯಮದಂತೆ ನಿವೃತ್ತಿ ತಿಂಗಳ ಕೊನೆಯ ದಿನ ಬರುತ್ತದೆ, ತಿಂಗಳ 1ನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಕೊಂಡ ಜನ್ಮದಿನಗಳು ನಮ್ಮ ತಲೆಮಾರಿನಲ್ಲಿ ಧಾರಾಳವಾಗಿರುವುದರಿಂದ ಮೇ 31ರಂದು ಒಟ್ಟಿಗೆ ಹಲವರು ಹೊರಡುತ್ತಾರೆ. ಆ ಕೊನೆಯ ದಿನದಂದೇ ಊಟವಿಟ್ಟರೆ, ಬೇಬಾಕಿ ಪತ್ರಕ್ಕೆ ಸಹಿ ಹಾಕಿಸಲು ವಿಭಾಗದಿಂದ ವಿಭಾಗಕ್ಕೆ ಓಡಾಡುತ್ತಿರುವ ಸನ್ಮಾನಿತರೇ ಎಲೆಯ ಮುಂದೆ ಇರುವುದಿಲ್ಲ. ಒಂದು ವಾರ ಮೊದಲೇ ಮುಗಿಸಿ.

ಹೆಜ್ಜೆ 2: ವಾರ ಮತ್ತು ಹೊತ್ತು

ರಜೆಯ ಮುನ್ನಾದಿನವೆಂದು ಶನಿವಾರ ರಾತ್ರಿಯನ್ನು ಆರಿಸುವುದು ಸಾಮಾನ್ಯ. ಅಂದು ಬಾಡೂಟವನ್ನೂ ಇಟ್ಟರೆ ಲೆಕ್ಕ ತಪ್ಪುತ್ತದೆ. ನಮ್ಮ ಭಾಗದಲ್ಲಿ ಮಾಂಸಾಹಾರಿಗಳಾದ ಅನೇಕರು ಸೋಮವಾರ ಮತ್ತು ಶನಿವಾರ ಮಾಂಸ ಮುಟ್ಟುವುದಿಲ್ಲ, ಶ್ರಾವಣದಲ್ಲಂತೂ ತಿಂಗಳು ಪೂರ್ತಿ ಬಿಡುವವರಿದ್ದಾರೆ. ಕೋಳಿ ಸಾರು ಉಳಿದು ಪಲ್ಯ ಸಾಲದೆ ಹೋಗುವುದು ಇಂಥ ರಾತ್ರಿಗಳಲ್ಲೇ. ಬಾಡೂಟವಿದ್ದರೆ ಭಾನುವಾರ ಮಧ್ಯಾಹ್ನ ಅಥವಾ ಬುಧವಾರ ಸಂಜೆ, ಸಸ್ಯಾಹಾರದ ಊಟವಾದರೆ ಶನಿವಾರ ಎಂದು ಹಂಚಿಕೊಂಡರೆ ಸಾಕು.

ಹೊತ್ತಿನ ವಿಚಾರ ಇದಕ್ಕಿಂತ ಸೂಕ್ಷ್ಮ. ಮೈಸೂರು, ಅರಸೀಕೆರೆ, ಚಿಕ್ಕಮಗಳೂರು ಕಡೆಯಿಂದ ರೈಲು–ಬಸ್ಸುಗಳಲ್ಲಿ ದಿನವೂ ಓಡಾಡುವ ಅಧ್ಯಾಪಕರು ಪ್ರತಿ ಕ್ಲಬ್ಬಿನಲ್ಲೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಿಂದಲೂ ಸದಸ್ಯತ್ವ ಶುಲ್ಕ ಪಡೆದು, ಎಲ್ಲ ಕೂಟಗಳನ್ನೂ ರಾತ್ರಿ ಎಂಟಕ್ಕೆ ಇಟ್ಟರೆ ಅವರು ಬರೀ ದುಡ್ಡು ಕಟ್ಟುವ ಸದಸ್ಯರಾಗಿ ಉಳಿಯುತ್ತಾರೆ. ಆರು ತಿಂಗಳಲ್ಲಿ ಕನಿಷ್ಠ ಅರ್ಧದಷ್ಟು ಊಟಗಳು ಕೆಲಸದ ದಿನದ ಮಧ್ಯಾಹ್ನವೇ ಇರಲಿ. ಸಂಜೆಯ ಊಟವಾದರೆ ಅದು ಆರೂವರೆಗೆ ಶುರುವಾಗಿ ಎಂಟೂವರೆಗೆ ಮುಗಿಯಲಿ. ಶ್ರವಣಬೆಳಗೊಳದ ಜಿಲ್ಲೆಯಾದ್ದರಿಂದ ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಜೈನ ಸಹೋದ್ಯೋಗಿಗಳು ಇಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ಐದೂವರೆಗೆ ಒಂದು ಸಣ್ಣ ಪಂಕ್ತಿ ಹಾಕುವುದು ಕಷ್ಟದ ಕೆಲಸವಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸು ಹಾಕದ ಒಂದು ಪಲ್ಯ, ಒಂದು ಸಾರು ಬೇರೆ ಪಾತ್ರೆಯಲ್ಲಿರಬೇಕು ಅಷ್ಟೆ. ಆಲೂಗಡ್ಡೆಗೆ ಹೆಸರಾದ ಹಾಸನದಲ್ಲಿ ಆಲೂಗಡ್ಡೆಯಿಲ್ಲದ ಪಲ್ಯ ಮಾಡಿಸುವುದಕ್ಕೆ ಭಟ್ಟರಿಗೆ ಎರಡು ಸಲ ಹೇಳಬೇಕಾಗಬಹುದು.

ಹೆಜ್ಜೆ 3: ಪಟ್ಟಿ

ತಿಂಗಳಿಗೊಂದು ಕೂಟವೆಂಬ ಉತ್ಸಾಹ ಮೂರನೇ ತಿಂಗಳಿಗೆ ಬತ್ತಿಹೋಗುತ್ತದೆ. ಆರು ತಿಂಗಳಿಗೆ ನಾಲ್ಕು ಸಾಕು. ಆಷಾಢದಲ್ಲಿ ಮಳೆಗಾಲದ ಮಧ್ಯಾಹ್ನದ ಊಟ, ಸೆಪ್ಟೆಂಬರಿನಲ್ಲಿ ಅಧ್ಯಾಪಕರ ದಿನದ ಕೂಟ, ನವೆಂಬರಿನಲ್ಲಿ ರಾಜ್ಯೋತ್ಸವದ ಸಂಜೆ ಕಾಫಿ–ತಿಂಡಿ ಮತ್ತು ಸದಸ್ಯರದೇ ಹಾಡು–ಓದು, ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಅವರೆಕಾಯಿ ಕಾಲದ ಕುಟುಂಬದ ಊಟ. ಇವುಗಳಲ್ಲಿ ಒಂದಾದರೂ ಬರೀ ಕಾಫಿಯ ಕೂಟವಾಗಿರಲಿ. ಖರ್ಚು ಕಡಿಮೆ, ಬರುವವರು ಹೆಚ್ಚು.

ದಿನಾಂಕ ಮೊದಲೇ ಹೇಳಲಾಗದ ಒಂದು ಕಾರ್ಯಕ್ರಮವನ್ನೂ ಶೈಕ್ಷಣಿಕ ವರ್ಷದ ಉತ್ತರಾರ್ಧಕ್ಕೆ ಇಟ್ಟುಕೊಳ್ಳಬಹುದು, ಅದು ಕಾಫಿ ಹೂವಿನ ಹೊತ್ತಿಗೆ ಸಕಲೇಶಪುರದ ಕಡೆ ಒಂದು ದಿನದ ಪ್ರವಾಸ. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟಗಳು ಬಿಳಿಯಾಗುತ್ತವೆ ಮತ್ತು ಕೆಲವೇ ದಿನ ಹಾಗಿರುತ್ತವೆ. ಆದ್ದರಿಂದ ಪಟ್ಟಿಯಲ್ಲಿ 'ಹೂಮಳೆಯ ನಂತರದ ಭಾನುವಾರ' ಎಂದಷ್ಟೇ ಬರೆದು, ಮಳೆ ಬಿದ್ದ ದಿನವೇ ವಾಹನ ಗೊತ್ತುಮಾಡಿ. ತೋಟದ ಮಾಲೀಕರ ಅನುಮತಿಯನ್ನು ಮಾತ್ರ ಬಹಳ ಮೊದಲೇ ಕೇಳಿರಬೇಕು, ಹೂವಿರುವಾಗ ತೋಟದೊಳಗೆ ಜನ ನುಗ್ಗುವುದು ಯಾರಿಗೂ ಇಷ್ಟವಾಗದು. ಹಾಸನದಿಂದ ಸುಮಾರು 40 ಕಿ.ಮೀ. ದೂರವಾದ್ದರಿಂದ ಬುತ್ತಿ ಕಟ್ಟಿಸಿಕೊಂಡು ಹೋಗಬಹುದು. ಚಿತ್ರಾನ್ನ, ಮೊಸರನ್ನಗಳಲ್ಲಿ ಮೊಸರನ್ನಕ್ಕೆ ಹೊರಡುವಾಗ ಹಾಲು ಹೆಚ್ಚು, ಹೆಪ್ಪು ಕಡಿಮೆ ಹಾಕಿದ್ದರೆ ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ.

ಹೆಜ್ಜೆ 4: ಎಲೆ ಲೆಕ್ಕ

ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಊಟವಿದೆ, ಎಲ್ಲರೂ ಬನ್ನಿ' ಎಂದು ಹಾಕಿದರೆ ನಲವತ್ತು ಹೆಬ್ಬೆರಳುಗಳು ಬರುತ್ತವೆ. ಹೆಬ್ಬೆರಳು ಎಂದರೆ ಬರುತ್ತೇನೆ ಎಂದೋ, ಸಂದೇಶ ನೋಡಿದೆ ಎಂದೋ, ಸಂತೋಷ ಎಂದೋ ಯಾರಿಗೂ ತಿಳಿಯದು. ಆದ್ದರಿಂದ ಸಂದೇಶದಲ್ಲೇ ಕೇಳಬೇಕಾದುದನ್ನೆಲ್ಲ ಕೇಳಿ, ಉತ್ತರಕ್ಕೆ ಕೊನೆಯ ದಿನವನ್ನೂ ಬರೆಯಿರಿ. ಇದೊಂದು ಮಾದರಿ:

'ಕ್ಲಬ್ಬಿನ ಮಳೆಗಾಲದ ಊಟ ಮುಂದಿನ ಶನಿವಾರ ಮಧ್ಯಾಹ್ನ 1 ಗಂಟೆಗೆ, ಕ್ಲಬ್ಬಿನ ಹಿಂದಿನ ಸಭಾಂಗಣದಲ್ಲಿ. ಸಸ್ಯಾಹಾರ. ತಲೆಗೆ ನಿಗದಿಯಾದ ಮೊತ್ತವನ್ನು ಬುಧವಾರ ಸಂಜೆ 5ರ ಒಳಗೆ ಖಜಾಂಚಿಯವರಿಗೆ ಕಳುಹಿಸಿದವರ ಹೆಸರು ಪಟ್ಟಿಗೆ ಸೇರುತ್ತದೆ. ಉತ್ತರದಲ್ಲಿ ಮೂರು ವಿಷಯ ತಿಳಿಸಿ: ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ಈರುಳ್ಳಿ–ಬೆಳ್ಳುಳ್ಳಿ ಬೇಡದವರೆಷ್ಟು. ಬುಧವಾರದ ನಂತರ ಬರಲಾಗದೆ ಹೋದರೆ ಹಣ ಹಿಂದಿರುಗಿಸಲಾಗುವುದಿಲ್ಲ, ನಿಮ್ಮ ಬದಲು ಬೇರೆಯವರನ್ನು ಕಳುಹಿಸಬಹುದು.'

ಬುಧವಾರದ ಗಡುವಿಗೆ ಕಾರಣವಿದೆ. ಗುರುವಾರ ಬೆಳಗ್ಗೆ ಭಟ್ಟರಿಗೆ ಸಂಖ್ಯೆ ಹೇಳಿದರೆ ಅಂದೇ ದಿನಸಿ, ಶುಕ್ರವಾರ ತರಕಾರಿ ಮತ್ತು ಬಾಳೆಲೆ ತರುವುದಕ್ಕೆ ಸಮಯ ಸಿಗುತ್ತದೆ. ಮೊದಲ ಸಲ ಈ ಗಡುವನ್ನು ಕಟ್ಟುನಿಟ್ಟಾಗಿ ಪಾಲಿಸಿದಾಗ ಕೆಲವರು ಮುನಿಸಿಕೊಳ್ಳುತ್ತಾರೆ, ಎರಡನೇ ಸಲ ಅವರೇ ಮಂಗಳವಾರ ದುಡ್ಡು ಕಳುಹಿಸುತ್ತಾರೆ. ಬಂದ ಸಂಖ್ಯೆಗೆ ಚಾಲಕರು, ಕಾವಲುಗಾರರು, ಜವಾನರು, ಬಡಿಸುವವರು ಇವರ ಎಲೆಗಳನ್ನು ಕೂಡಿಸಿ. ಇದನ್ನು ದಾಕ್ಷಿಣ್ಯದ ಲೆಕ್ಕವಾಗಿಸದೆ ಪಟ್ಟಿಯಲ್ಲೇ ಬರೆಯಿರಿ, ಉಳಿದರೆ ಅವರಿಗೆ ಎಂಬ ಮಾತು ಯಾವ ಕ್ಲಬ್ಬಿಗೂ ಶೋಭೆಯಲ್ಲ. ಅದರ ಮೇಲೆ ನೂರಕ್ಕೆ ಐದರಂತೆ ಹೆಚ್ಚುವರಿ ಸಾಕು.

ಹೆಜ್ಜೆ 5: ದುಡ್ಡು

ಊಟದ ಖರ್ಚಿನಲ್ಲಿ ಎರಡು ಬಗೆಯಿದೆ. ಅಡುಗೆಯವರ ಕೂಲಿ, ಪಾತ್ರೆ–ಒಲೆ ಬಾಡಿಗೆ, ಸಾಗಣೆ ಇವು ಜನ ಎಷ್ಟೇ ಬಂದರೂ ಹೆಚ್ಚು ಬದಲಾಗುವುದಿಲ್ಲ. ದಿನಸಿ, ತರಕಾರಿ, ಎಲೆ, ಹಾಲು–ಮೊಸರು ತಲೆಯ ಲೆಕ್ಕದಲ್ಲಿ ಏರುತ್ತವೆ. ಲೆಕ್ಕಕ್ಕಾಗಿ ಮೊದಲನೆಯ ಬಗೆ 9,000 ರೂಪಾಯಿ, ಎರಡನೆಯದು ತಲೆಗೆ 140 ರೂಪಾಯಿ ಎಂದಿಟ್ಟುಕೊಳ್ಳಿ. 60 ಜನರಿದ್ದರೆ ತಲೆಗೆ 290 ಬೀಳುತ್ತದೆ, 100 ಜನರಾದರೆ 230ಕ್ಕೆ ಇಳಿಯುತ್ತದೆ. ಸಣ್ಣ ಕ್ಲಬ್ಬುಗಳು ಎರಡು ಸಣ್ಣ ಊಟಗಳ ಬದಲು ಒಂದು ದೊಡ್ಡ ಊಟ ಇಟ್ಟುಕೊಳ್ಳುವುದರಲ್ಲಿರುವ ಜಾಣ್ಮೆ ಇಷ್ಟೆ. ಕೇಟರಿಂಗ್‌ನವರಿಗೆ ಒಪ್ಪಿಸುವುದಾದರೆ ಅವರು ಹೇಳುವ ದರದಲ್ಲಿ ಜಿಎಸ್‌ಟಿ, ಬಡಿಸುವವರ ಕೂಲಿ ಮತ್ತು ಸ್ವಚ್ಛತೆ ಸೇರಿವೆಯೇ ಎಂದು ಕೇಳಿ, ಅವರ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಅಥವಾ ನೋಂದಣಿಯ 14 ಅಂಕಿಗಳ ಸಂಖ್ಯೆಯನ್ನು ಬಿಲ್ಲಿನ ಮೇಲೆ ನೋಡಿಕೊಳ್ಳಿ.

ಅತಿಥಿ ಉಪನ್ಯಾಸಕರ ವಿಷಯವನ್ನು ಇಲ್ಲೇ ಹೇಳಬೇಕು. ಪಾಠದ ದೊಡ್ಡ ಹೊರೆಯನ್ನು ಹೊರುವ ಅವರಿಗೆ ಗೌರವಧನ ಕಡಿಮೆ, ಅದೂ ತಿಂಗಳಿಗೆ ಸರಿಯಾಗಿ ಕೈಗೆ ಬರುವುದಿಲ್ಲ. ಪ್ರಾಧ್ಯಾಪಕರಿಗೂ ಅವರಿಗೂ ಒಂದೇ ಮೊತ್ತವಿಟ್ಟರೆ ಅವರು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ ಮತ್ತು ಕ್ಲಬ್ಬು ಅದನ್ನು ನಿರಾಸಕ್ತಿಯೆಂದು ತಿಳಿಯುತ್ತದೆ. ಹುದ್ದೆಗೆ ತಕ್ಕಂತೆ ಎರಡು ಅಥವಾ ಮೂರು ಹಂತದ ಮೊತ್ತವನ್ನು ವಾರ್ಷಿಕ ಸಭೆಯಲ್ಲೇ ಒಪ್ಪಿಕೊಂಡರೆ ಪ್ರತಿ ಊಟದ ಮೊದಲು ಯಾರೂ ಯಾರ ಮುಂದೆಯೂ ಸಂಕೋಚಪಡಬೇಕಾಗಿಲ್ಲ.

ಹೆಜ್ಜೆ 6: ಅಡುಗೆ

ಹಾಸನ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಸಕಲೇಶಪುರ, ಆಲೂರು ಕಡೆಯವರಿಗೆ ಕಡುಬು ಮತ್ತು ಅಕ್ಕಿ ರೊಟ್ಟಿ, ಅರಸೀಕೆರೆ, ಚನ್ನರಾಯಪಟ್ಟಣ ಕಡೆಯವರಿಗೆ ಮುದ್ದೆ ಮತ್ತು ಬಸ್ಸಾರು. ಹೀಗಿರುವಾಗ ಎಲ್ಲ ಊಟದಲ್ಲೂ ಪನೀರ್ ಮಸಾಲೆ, ಗೋಬಿ ಮಂಚೂರಿ, ಜೀರಾ ರೈಸ್ ಇಡುವುದು ಹೇಗೆ ರೂಢಿಯಾಯಿತೋ ತಿಳಿಯದು. ಋತುವಿಗೆ ತಕ್ಕ ಅಡುಗೆ ಅಗ್ಗವೂ ಹೌದು, ಮಾತಿಗೆ ವಿಷಯವೂ ಆಗುತ್ತದೆ. ತನ್ನ ಊರಿನಲ್ಲಿ ಇದನ್ನು ಹೇಗೆ ಮಾಡುತ್ತಾರೆಂದು ಹೇಳದೆ ಸುಮ್ಮನಿರುವ ಅಧ್ಯಾಪಕರನ್ನು ನಾನು ಕಂಡಿಲ್ಲ.

ಮಳೆಗಾಲದ ಊಟಕ್ಕೆ ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ, ಬಿಸಿ ಕಡುಬು, ಹುರುಳಿಕಾಳಿನ ಸಾರು ಇರಲಿ. ಇವುಗಳಲ್ಲಿ ಕಳಲೆಗೆ ಎಚ್ಚರ ಬೇಕು. ಎಳೆಯ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಅನಂತರ ಬೇಯಿಸಿ ಆ ನೀರನ್ನೂ ಬಸಿದು ಒಗ್ಗರಣೆಗೆ ಹಾಕುತ್ತಾರೆ. ಶನಿವಾರದ ಊಟಕ್ಕೆ ಕಳಲೆ ಬುಧವಾರವೇ ನೀರಿಗೆ ಬಿದ್ದಿರಬೇಕು. ಶುಕ್ರವಾರ ಸಂಜೆ ಸಂತೆಯಲ್ಲಿ ಒಳ್ಳೆಯ ಕಳಲೆ ಕಂಡಿತೆಂದು ತಂದು ಮರುದಿನ ಬಡಿಸುವುದು ಸಲ್ಲದು. ಪತ್ರೊಡೆಯ ಕೆಸುವಿಗೆ ಹುಣಸೆಹುಳಿ ಧಾರಾಳವಾಗಿ ಬೀಳದಿದ್ದರೆ ಗಂಟಲು ಕೆರೆಯುತ್ತದೆ, ಮಲೆನಾಡಿನ ಭಟ್ಟರಿಗೆ ಇದನ್ನು ಹೇಳಬೇಕಾಗಿಲ್ಲ.

ಚಳಿಗಾಲದ ಊಟಕ್ಕೆ ಅವರೆಕಾಯಿ. ಸೊಗಡಿನ ಅವರೆ ಬರುವ ಡಿಸೆಂಬರ್–ಜನವರಿಯಲ್ಲಿ ಮುದ್ದೆಯ ಜೊತೆ ಹಿತಕಿದ ಬೇಳೆ ಸಾರು ಇದ್ದರೆ ಬೇರೆ ಯಾವ ವಿಶೇಷವೂ ಬೇಡ. ಆದರೆ ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೇ ಹಿತುಕಿ ಬೇಳೆ ಬಿಡಿಸುವ ಕೆಲಸಕ್ಕೆ ನೂರು ಜನರ ಊಟದಲ್ಲಿ ಅರ್ಧ ಡಜನ್ ಕೈಗಳು ಬೇಕು. ಹಿತಕಿದ ಬೇಳೆಯನ್ನೇ ಮಾರುವವರಿದ್ದಾರೆ, ಎರಡು ದಿನ ಮೊದಲು ಹೇಳಿಟ್ಟರೆ ತಲೆನೋವಿಲ್ಲ.

ಮುದ್ದೆಯ ಊಟಕ್ಕೆ ಹೊತ್ತಿನ ಶಿಸ್ತು ಬೇಕು. ಅನ್ನವನ್ನು ಅರ್ಧ ಗಂಟೆ ಮೊದಲೇ ಇಳಿಸಿ ಮುಚ್ಚಿಡಬಹುದು, ಹಿಟ್ಟನ್ನು ಹಾಗೆ ಇಡಲಾಗುವುದಿಲ್ಲ. ತೊಳಸಿದ ಹಿಟ್ಟು ಆರಿದರೆ ಮೇಲೆ ಪೊರೆ ಕಟ್ಟುತ್ತದೆ, ಒಳಗೆ ಗಟ್ಟಿಯಾಗುತ್ತದೆ. ಕವೆಗೋಲಿನಲ್ಲಿ ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ತೊಳಸುವ ಇಬ್ಬರು, ಕೈಗೆ ನೀರು ಮುಟ್ಟಿಸಿಕೊಂಡು ಬಿಸಿಯಲ್ಲೇ ಕಟ್ಟುವ ಇಬ್ಬರು ಇದ್ದರೆ ಜನ ಕುಳಿತ ಮೇಲೆ ಎರಡು ಪಾತ್ರೆಗಳಲ್ಲಿ ಸರದಿಯಂತೆ ಮಾಡಬಹುದು. ಒಂದು ಕೆ.ಜಿ. ಹಿಟ್ಟಿಗೆ ಮಧ್ಯಮ ಗಾತ್ರದ ಹತ್ತು ಮುದ್ದೆ ಎಂದು ಲೆಕ್ಕ ಹಿಡಿಯಿರಿ. ಸ್ವಾಗತ ಭಾಷಣ ಇನ್ನೇನು ಮುಗಿಯಿತು ಎಂದು ಯಾರಾದರೂ ಹೇಳಿದ ಕೂಡಲೇ ಅಲ್ಲ, ಅದು ನಿಜವಾಗಿ ಮುಗಿದ ಮೇಲೆಯೇ ಹಿಟ್ಟು ತೊಳಸಲು ಹೇಳಿ. ನಮ್ಮ ಸಭೆಗಳಲ್ಲಿ ಇವೆರಡರ ನಡುವೆ ಸಾಕಷ್ಟು ಅಂತರವಿರುತ್ತದೆ.

ಉಳಿದ ಪ್ರಮಾಣಗಳು ಸರಳ. ಪಲ್ಯ, ಕೋಸಂಬರಿ, ಸಿಹಿ ಎಲ್ಲ ಇರುವ ಊಟಕ್ಕೆ ನೂರು ಜನರಿಗೆ 10ರಿಂದ 12 ಕೆ.ಜಿ. ಅಕ್ಕಿ ಸಾಕು. ಮುದ್ದೆಯೂ ಇದ್ದರೆ 7–8 ಕೆ.ಜಿ.ಗೆ ಇಳಿಸಿ. ಮೊಸರು 10 ಲೀಟರ್. ಹೋಳಿಗೆಯಾದರೆ ತಲೆಗೆ ಒಂದೂವರೆ, ಪಾಯಸವಾದರೆ ನೂರು ಜನರಿಗೆ 10 ಲೀಟರ್. ಎರಡು ಸಿಹಿ ಮಾಡಿಸುವುದು ಬೇಡ. ಸಕ್ಕರೆ ಕಾಯಿಲೆಯವರು ನಮ್ಮ ವಯಸ್ಸಿನವರಲ್ಲಿ ಬೇಕಾದಷ್ಟಿದ್ದಾರೆ, ಎರಡನೆಯದು ಎಲೆಯ ಮೇಲೇ ಉಳಿಯುತ್ತದೆ.

ಕಾಫಿಯ ವಿಷಯದಲ್ಲಿ ಮಾತ್ರ ಜಿಪುಣತನ ತೋರಬೇಡಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದು ಯಂತ್ರದ ಸಿಹಿನೀರು ಕುಡಿಸುವುದು ಸದಸ್ಯರಿಗೆ ಅವಮಾನ. ನೂರು ಲೋಟಕ್ಕೆ 800 ಗ್ರಾಂನಿಂದ ಒಂದು ಕೆ.ಜಿ. ಪುಡಿ, 7 ಲೀಟರ್ ಗಟ್ಟಿ ಹಾಲು ಬೇಕು. ಚಿಕೋರಿ ಬೆರೆಸಿದ ಪುಡಿಯ ಪೊಟ್ಟಣದ ಮೇಲೆ ಅದರ ಪ್ರಮಾಣ ಬರೆದಿರುತ್ತದೆ. ನಿಯಮದಂತೆ ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆಯಿರುವಂತಿಲ್ಲ, ಆದರೆ ಶೇ. 80ರಷ್ಟಾದರೂ ಕಾಫಿಯಿರುವ ಪುಡಿಯನ್ನೇ ಕೊಳ್ಳಿ. ಡಿಕಾಕ್ಷನ್ ಒಂದು ಗಂಟೆ ಮೊದಲು ಇಳಿಸಿಟ್ಟು, ಬಿಸಿ ಹಾಲಿಗೆ ಬೆರೆಸಬೇಕೇ ಹೊರತು ಡಿಕಾಕ್ಷನ್ನನ್ನೇ ಮತ್ತೆ ಕುದಿಸಬಾರದು. ಸಕ್ಕರೆಯನ್ನು ಬೇರೆ ಇಡಿ.

ಮದ್ಯದ ಪ್ರಶ್ನೆ ಯಾರಾದರೂ ಎತ್ತಿದರೆ ಚರ್ಚೆ ಬೆಳೆಸಬೇಡಿ. ಹೊರಗಿನ ಕ್ಲಬ್ಬುಗಳಿಗೆ ಅಬಕಾರಿ ಇಲಾಖೆಯ ಪರವಾನಗಿಯಿರಬಹುದು, ಶಿಕ್ಷಣ ಸಂಸ್ಥೆಯ ಆವರಣದಲ್ಲಿರುವ ಕ್ಲಬ್ಬಿಗೆ ಅದು ಹೊಂದುವುದಿಲ್ಲ.

ಹೆಜ್ಜೆ 7: ಆ ದಿನ

ಭಾಷಣ, ಸನ್ಮಾನ, ಹಾಡು ಎಲ್ಲವೂ ಊಟಕ್ಕೆ ಮೊದಲು, ಒಟ್ಟು ನಲವತ್ತು ನಿಮಿಷದೊಳಗೆ ಮುಗಿಯಲಿ. ಸಂಜೆಯ ಕಾರ್ಯಕ್ರಮವಾದರೆ ಧ್ವನಿವರ್ಧಕದ ಬಗ್ಗೆ ಎಚ್ಚರವಿರಲಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ, ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವೆಂದು ಘೋಷಿತವಾಗಿರಲೂಬಹುದು. ನೂರು ಜನರ ಸಭಾಂಗಣಕ್ಕೆ ದಿನವೂ ಪಾಠ ಮಾಡುವ ಗಂಟಲೇ ಸಾಕು.

ಅಡುಗೆ ಒಲೆಯಿಂದ ಇಳಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿನ ತಾಪಮಾನದಲ್ಲಿ ಇರಬಾರದು. ಬಿಸಿಯಾಗಿ ಇಡಬೇಕಾದುದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಆದ್ದರಿಂದ ಮಧ್ಯಾಹ್ನ ಒಂದರ ಊಟಕ್ಕೆ ಬೆಳಗ್ಗೆ ಎಂಟಕ್ಕೇ ಅಡುಗೆ ಮುಗಿಸಿ ಸಾಗಿಸುವ ಕೇಟರಿಂಗ್ ವ್ಯವಸ್ಥೆಗಿಂತ ಸ್ಥಳದಲ್ಲೇ ಬೇಯಿಸುವುದು ಮೇಲು. ಕಾಯಿ ಹಾಕಿದ ಕೋಸಂಬರಿ, ಚಟ್ನಿ, ಮಜ್ಜಿಗೆಹುಳಿ ಇವೇ ಮೊದಲು ಕೆಡುವಂಥವು, ಇವನ್ನು ಕೊನೆಗೆ ಮಾಡಿಸಿ. ಕುಡಿಯುವ ನೀರಿನ ಬಗ್ಗೆ ಅನುಮಾನವಿದ್ದರೆ ಕುದಿಸಿದ ಜೀರಿಗೆ ನೀರು ಇಡಿ, ಮಳೆಗಾಲದಲ್ಲಿ ಎಲ್ಲರೂ ಸಂತೋಷದಿಂದ ಕುಡಿಯುತ್ತಾರೆ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮತ್ತು ಫ್ಲೆಕ್ಸ್ ಬ್ಯಾನರುಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಾಳೆಲೆ ಸಿಗುವ ಊರಿನಲ್ಲಿ ಇದು ಕಷ್ಟವಲ್ಲ. ಎಲೆ ಕಡಿಮೆಬಿದ್ದರೆ ಅಡಿಕೆ ಹಾಳೆಯ ತಟ್ಟೆ, ಲೋಟಕ್ಕೆ ಬಾಡಿಗೆಯ ಸ್ಟೀಲು. ಪಂಕ್ತಿಯೂಟವೋ ಬಫೆಯೋ ಎಂಬ ವಾದ ಪ್ರತಿ ಸಲ ಬರುತ್ತದೆ. ಕುಳಿತು ಉಣ್ಣುವ ಪಂಕ್ತಿಯ ಪರವಾಗಿ ನನ್ನ ಮತ. ಬಫೆಯಲ್ಲಿ ಪ್ರತಿ ವಿಭಾಗದವರೂ ತಟ್ಟೆ ಹಿಡಿದು ತಮ್ಮ ವಿಭಾಗದ ಗುಂಪಿನಲ್ಲೇ ನಿಂತುಬಿಡುತ್ತಾರೆ, ಪಂಕ್ತಿಯಲ್ಲಿ ಖಾಲಿಯಿದ್ದ ಜಾಗದಲ್ಲಿ ಕುಳಿತುಕೊಳ್ಳಲೇಬೇಕು. ನೆಲದ ಮೇಲೆ ಕೂತು ಏಳಲು ಕಷ್ಟವಾಗುವ ಹಿರಿಯರಿಗೆ ಮೇಜು–ಕುರ್ಚಿ ಕಡ್ಡಾಯ.

ಬಡಿಸುವ ಕೆಲಸ, ರಂಗೋಲಿ, ಆರತಿ ತಟ್ಟೆ ಇವನ್ನೆಲ್ಲ ಕೇಳದೆಯೇ ಮಹಿಳಾ ಸಹೋದ್ಯೋಗಿಗಳ ಹೆಸರಿಗೆ ಬರೆಯುವ ಅಭ್ಯಾಸವನ್ನು ಈ ವರ್ಷದಿಂದಲೇ ಬಿಡಬಹುದು. ಬಡಿಸಲು ಕೂಲಿಯವರು ಸಾಲದಿದ್ದರೆ ಸಮಿತಿಯವರೆಲ್ಲ ಒಂದು ಪಂಕ್ತಿಗೆ ನಿಲ್ಲಲಿ, ಕುಲಸಚಿವರು ಸಾಂಬಾರಿನ ಬಕೆಟ್ ಹಿಡಿದರೆ ಯಾರೂ ಬೇಡವೆನ್ನುವುದಿಲ್ಲ. ಇಪ್ಪತ್ತೈದು ಜನರ ಪಂಕ್ತಿಗೆ ಮೂವರು ಬಡಿಸುವವರಿದ್ದರೆ ಸರಾಗ. ಎರಡನೇ ಸಲ ಅನ್ನ ಕೇಳುವವರೆಗೆ ಕಾಯದೆ ಬಡಿಸುತ್ತ ಹೋಗುವುದು ಎಲೆಯ ಮೇಲೆ ಅನ್ನ ಉಳಿಯಲು ಮುಖ್ಯ ಕಾರಣ, ಆದ್ದರಿಂದ ಕೇಳಿ ಬಡಿಸಲು ಹೇಳಿ.

ಹೆಜ್ಜೆ 8: ಮುಗಿದ ಮೇಲೆ

ಕೊನೆಯ ಪಂಕ್ತಿ ಎದ್ದ ಕೂಡಲೇ ಉಳಿದ ಅನ್ನ–ಸಾರನ್ನು ಹತ್ತಿರದ ವಿದ್ಯಾರ್ಥಿ ನಿಲಯಕ್ಕೆ ಕಳುಹಿಸಬೇಕು. ವಾರ್ಡನ್‌ಗೆ ಬೆಳಗ್ಗೆಯೇ ತಿಳಿಸಿ, ಎರಡು ಗಂಟೆಯ ಮಿತಿಯೊಳಗೆ ತಲುಪಿಸಿದರೆ ಮಾತ್ರ ಕಳುಹಿಸಿ, ತಡವಾದರೆ ಗೊಬ್ಬರದ ಗುಂಡಿಗೆ ಹಾಕಿ. ಎಲೆಗಳಿಗೂ ಅದೇ ಗುಂಡಿ.

ಲೆಕ್ಕವನ್ನು ಒಂದು ವಾರದೊಳಗೆ ಗುಂಪಿಗೆ ಹಾಕಿ: ಬಂದ ಹಣ, ಆದ ಖರ್ಚು, ಉಳಿಕೆ, ಬಿಲ್ಲುಗಳ ಚಿತ್ರ. ಕ್ಲಬ್ಬು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ವಾರ್ಷಿಕ ಸಭೆಯ ಮುಂದೆ ಹೇಗೂ ಲೆಕ್ಕ ಇಡಬೇಕಾಗುತ್ತದೆ. ಆಗ ಹನ್ನೊಂದು ತಿಂಗಳ ಹಿಂದಿನ ತೆಂಗಿನಕಾಯಿಯ ಚೀಟಿ ಹುಡುಕುವುದಕ್ಕಿಂತ ಇದು ಸುಲಭ. ಬರೆದಿಡಬೇಕಾದ ಇನ್ನೊಂದು ಪುಸ್ತಕವಿದೆ. ಅದರಲ್ಲಿ ಪ್ರತಿ ಊಟಕ್ಕೂ ಹಣ ಕಟ್ಟಿದವರೆಷ್ಟು, ಬಂದವರೆಷ್ಟು, ಹಾಕಿದ ಎಲೆ ಎಷ್ಟು, ಯಾವ ಪದಾರ್ಥ ಎಷ್ಟು ಬೇಯಿಸಿ ಎಷ್ಟು ಉಳಿಯಿತು, ಭಟ್ಟರ ಫೋನ್ ಸಂಖ್ಯೆ, ಕೊಟ್ಟ ಕೂಲಿ, ಅಂದು ಮಳೆಯಿತ್ತೇ ಎಂಬುದೆಲ್ಲ ಇರಲಿ. ಮೂರು ನಾಲ್ಕು ಊಟಗಳ ಲೆಕ್ಕ ಸೇರಿದರೆ ನಿಮ್ಮ ಕ್ಲಬ್ಬಿನಲ್ಲಿ ನೂರು ಜನ ಹೆಸರು ಕೊಟ್ಟಾಗ ನಿಜವಾಗಿ ಎಷ್ಟು ಜನ ಬರುತ್ತಾರೆ ಎಂಬ ಅಂದಾಜು ಸಿಗುತ್ತದೆ, ಅದು ಒಂದೊಂದು ಕ್ಲಬ್ಬಿಗೆ ಒಂದೊಂದು ಬಗೆ. ಪುಸ್ತಕವನ್ನು ಕಾರ್ಯದರ್ಶಿಯ ಮನೆಯಲ್ಲಿಡದೆ ಕ್ಲಬ್ಬಿನ ಬೀರುವಿನಲ್ಲಿಡಿ, ಮತ್ತು ಭಟ್ಟರ ಬಾಕಿ ತೀರಿಸುವಾಗಲೇ ಮುಂದಿನ ಊಟದ ದಿನಾಂಕ ಹೇಳಿ ಮುಂಗಡ ಕೊಟ್ಟು ಕಳುಹಿಸಿ.